ಟರ್ಬೊ ಹೋಗಿರಲಿಲ್ಲ, ಪೈಪ್ ಸೀಳಿತ್ತು

ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ನನ್ನ ಟರ್ಬೊ ಪೆಟ್ರೋಲ್ ಕಾರು ಹುಬ್ಬಳ್ಳಿ-ಧಾರವಾಡ ಬೈಪಾಸ್‌ನಲ್ಲಿ ಓವರ್‌ಟೇಕ್ ಮಾಡುವಾಗ ಎಳೆಯೋದನ್ನೇ ಬಿಟ್ಟಿತ್ತು. ಎಂಜಿನ್ ಲೈಟ್ ಬೇರೆ ಹತ್ತಿತ್ತು. ಒಂದು ಗ್ಯಾರೇಜಿನಲ್ಲಿ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಟರ್ಬೊನೇ ಬದಲಿಸಿ ಅಂದರು. ಖರ್ಚು ಲಕ್ಷದ ಹತ್ತಿರ!

ಗೋಕುಲ ರೋಡಿನ ಪರಿಚಯದ ಮೆಕ್ಯಾನಿಕ್ ಮೊದಲು ಸ್ಕ್ಯಾನರ್ ಹಾಕಿದರು. ಪಿ0299 ಕೋಡ್ ಬಂತು. ಬೂಸ್ಟ್, ಅಂದರೆ ಟರ್ಬೊ ತಳ್ಳುವ ಗಾಳಿಯ ಒತ್ತಡ, ಸಾಲುತ್ತಿಲ್ಲ ಅಂತ ಅದರರ್ಥ, ಟರ್ಬೊ ಕೆಟ್ಟಿದೆ ಅಂತಲ್ಲ. ಆಮೇಲೆ ಎಂಜಿನ್‌ಗೆ ಗಾಳಿ ಹೋಗುವ ದಾರಿಗೆ (ಇನ್‌ಟೇಕ್) ಹೊಗೆ ಬಿಟ್ಟು ನೋಡಿದರು. ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್‌ನ ಪೈಪಿನ ಕ್ಲಿಪ್ ಪಕ್ಕ, ಎಣ್ಣೆ ಜಿಡ್ಡಿನ ನಡುವೆ, ಸಣ್ಣ ಸೀಳು. ಅಲ್ಲಿಂದ ಹೊಗೆ ನೂಲಿನಂತೆ ಎದ್ದಿತು. ಗಾಡಿ ನಿಂತಾಗ ಆ ಸೀಳು ಕಾಣೋದೇ ಇಲ್ಲ, ಒತ್ತಡ ಏರಿದಾಗ ಬಾಯಿ ಬಿಡುತ್ತೆ.

ಪೈಪು, ಕ್ಲಿಪ್, ಕೂಲಿ ಎಲ್ಲ ಸೇರಿ ₹5,000 ಒಳಗೇ ಮುಗಿಯಿತು. ಇಂಥ ಕಾರು ನೋಡ್ತಿರೋರು ದುಡ್ಡು ಕೊಡುವ ಮುಂಚೆಯೇ ಈ ಹೊಗೆ ಟೆಸ್ಟ್ ಮಾಡಿಸಿ. ನಾನು ಉಳಿದ ದುಡ್ಡಲ್ಲಿ ನಾಲ್ಕೂ ಹೊಸ ಟೈರ್ ಹಾಕಿಸಿದೆ.