ಮೋರಿಗೆ ಹೋಗುವ ಬಿಸಿನೀರಿನಿಂದ ವಿದ್ಯುತ್: ನನ್ನ ಅನುಭವ

ರಾಮನಗರದ ರೇಷ್ಮೆ ರೀಲಿಂಗ್ ಘಟಕಗಳಲ್ಲಿ ಗೂಡು ಬೇಯಿಸಿದ ನೀರು ಬಿಸಿಯಾಗಿಯೇ ಮೋರಿ ಸೇರುತ್ತದೆ. ಟರ್ಬೈನ್ ತಿರುಗಿಸುವಷ್ಟು ಶಾಖ ಅದರಲ್ಲಿಲ್ಲ. ಆದರೆ ಎರಡು ತುದಿಗಳ ಬಿಸಿಯ ವ್ಯತ್ಯಾಸದಿಂದಲೇ ವಿದ್ಯುತ್ ಕೊಡುವ ಥರ್ಮೋಸೆಲ್‌ಗೆ ಅಷ್ಟೇ ಸಾಕು. ನಾನು ಕೆಮಿಸ್ಟ್ರಿ ಮೇಷ್ಟ್ರು. ಹಾಗಾಗಿ ಒಂದು ಸೆಲ್ ಕಟ್ಟಿಯೇ ನೋಡಿದೆ.

ಒಳಗಿರುವುದು ಎರಡು ಉಪ್ಪು, ನೀರು, ಅಷ್ಟೇ. 100 ಮಿ.ಲೀ. ದ್ರಾವಣಕ್ಕೆ 13.2 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್, 16.9 ಗ್ರಾಂ ಪೊಟ್ಯಾಸಿಯಂ ಫೆರೋಸಯನೈಡ್. ಎರಡರ ಸಾಂದ್ರತೆಯೂ 0.4 ಮೋಲಾರ್ ಆಗುತ್ತದೆ. ಅಕ್ರಿಲಿಕ್ ಕೊಳವೆಯ ಎರಡು ತುದಿಗೂ ಗ್ರಾಫೈಟ್ ಹಾಳೆ. ಅದರ ಹೊರಗೆ ಅಲ್ಯೂಮಿನಿಯಂ ತಟ್ಟೆ. ಒಂದು ತಟ್ಟೆಗೆ ಬಿಸಿನೀರು, ಇನ್ನೊಂದಕ್ಕೆ ನಲ್ಲಿ ನೀರು. ಗೂಡಿನ ನೀರಲ್ಲಿ ಸೆರಿಸಿನ್ ಅಂಟು ಇರುತ್ತದೆ. ಅದು ತಟ್ಟೆಗೆ ಮೆತ್ತಿಕೊಂಡರೆ ಶಾಖ ದಾಟುವುದಿಲ್ಲ, ಆಗಾಗ ಉಜ್ಜಬೇಕು.

ಬಿಸಿ ತುದಿಯಲ್ಲಿ ಫೆರೋಸಯನೈಡ್ ಒಂದು ಎಲೆಕ್ಟ್ರಾನ್ ಬಿಟ್ಟು ಫೆರಿಸಯನೈಡ್ ಆಗುತ್ತದೆ. ಆ ಎಲೆಕ್ಟ್ರಾನ್ ತಂತಿಯಲ್ಲಿ ಹರಿದು ತಣ್ಣನೆ ತುದಿಗೆ ಹೋಗುತ್ತದೆ. ಅಲ್ಲಿ ಇದರ ಉಲ್ಟಾ ಕ್ರಿಯೆ. ಅಯಾನುಗಳು ದ್ರಾವಣದೊಳಗೇ ಆ ಕಡೆ ಈ ಕಡೆ ಓಡಾಡುತ್ತವೆ, ಹಾಗಾಗಿ ಉಪ್ಪು ಖರ್ಚಾಗುವುದಿಲ್ಲ. ನನಗೆ ಇದರಲ್ಲಿ ಅತ್ಯಂತ ಇಷ್ಟವಾದ ವಿಷಯ ಇದೇ.

ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 1.4 ಮಿಲಿವೋಲ್ಟ್ ಸಿಗುತ್ತದೆ. ಒಂದು ಕಡೆ 65, ಇನ್ನೊಂದು ಕಡೆ 30 ಡಿಗ್ರಿ ಇಟ್ಟರೆ 49 ಮಿಲಿವೋಲ್ಟ್. ಅದು ಸುಲಭವಾಗಿ ಬಂತು. ಕಷ್ಟ ಇರುವುದು ಕರೆಂಟಿನಲ್ಲಿ. ಸೆಲ್‌ನ ಒಳ ರೆಸಿಸ್ಟೆನ್ಸ್ 5 ಓಮ್ ಇದ್ದರೆ ಸಿಗುವ ಗರಿಷ್ಠ ಪವರ್ 0.12 ಮಿಲಿವ್ಯಾಟ್ ಮಾತ್ರ. ಆದ್ದರಿಂದ ನನ್ನ ಹೆಚ್ಚಿನ ಶ್ರಮವೆಲ್ಲ ರೆಸಿಸ್ಟೆನ್ಸ್ ಇಳಿಸುವುದಕ್ಕೇ ಹೋಯಿತು. ನುಣುಪು ಗ್ರಾಫೈಟ್ ತೆಗೆದು ಕಾರ್ಬನ್ ಬಟ್ಟೆ ಹಾಕಿದೆ. ಮೇಲ್ಮೈ ಜಾಸ್ತಿಯಾಗಿ ಕರೆಂಟ್ ಏರಿತು. ತುದಿಗಳನ್ನು ಹತ್ತಿರ ತಂದರೂ ಏರುತ್ತದೆ. ಆದರೆ ಆಗ ಶಾಖ ಬೇಗ ದಾಟಿ ತಣ್ಣನೆ ತುದಿಯೂ ಬಿಸಿಯಾಗುತ್ತದೆ, ವೋಲ್ಟೇಜ್ ಬೀಳುತ್ತದೆ. ಸೆಲ್‌ನ ಯಾವ ತುದಿ ಕೆಳಗಿರಬೇಕು ಎಂಬುದರಲ್ಲೂ ಇದೇ ಎಳೆದಾಟ. ಬಿಸಿ ಕೆಳಗಿದ್ದರೆ ದ್ರಾವಣ ತಾನಾಗಿ ಸುತ್ತುತ್ತದೆ, ಅಯಾನು ಬೇಗ ತಲುಪುತ್ತವೆ, ಜೊತೆಗೆ ಶಾಖವೂ ಹೋಗುತ್ತದೆ. ಬಿಸಿನೀರು ಹೇಗೂ ಪುಕ್ಕಟೆ ಅಲ್ವಾ? ಅದಕ್ಕೇ ನಾನು ಬಿಸಿಯನ್ನು ಕೆಳಗೇ ಇಟ್ಟೆ.

ಒಂದರ ತಣ್ಣನೆ ತುದಿಯನ್ನು ಮುಂದಿನದರ ಬಿಸಿ ತುದಿಗೆ ತಂತಿಯಿಂದ ಸೇರಿಸುತ್ತಾ 12 ಸೆಲ್ ಜೋಡಿಸಿದರೆ ಅರ್ಧ ವೋಲ್ಟ್ ದಾಟುತ್ತದೆ. ಎಲ್‌ಇಡಿ ಬೆಳಗಲು ವೋಲ್ಟೇಜ್ ಏರಿಸುವ ಬೂಸ್ಟ್ ಸರ್ಕ್ಯೂಟ್ ಬೇಕೇ ಬೇಕು. ಮೋಟಾರ್ ಓಡಿಸುವ ಆಸೆ ಬೇಡ. ಈ ಎರಡು ತಾಪಮಾನಗಳ ನಡುವೆ ಯಾವ ಯಂತ್ರಕ್ಕೂ ಕಾರ್ನೋ ಮಿತಿಯೇ, ಅಂದರೆ ಶಾಖದಲ್ಲಿ ಕೆಲಸವಾಗಿ ಬದಲಾಗಬಹುದಾದ ಗರಿಷ್ಠ ಪಾಲೇ, ಸುಮಾರು 10%. ನಮ್ಮ ಸೆಲ್ ಅದರ ಹತ್ತಿರಕ್ಕೂ ಬರುವುದಿಲ್ಲ. ನೀರಿನ ಬಿಸಿ ಅಳೆದು ತಿಳಿಸುವ ಸಣ್ಣ ಸೆನ್ಸರ್‌ಗೆ ಇದು ಸರಿಹೋಗುತ್ತದೆ.

ಮಾಡುವವರಿಗೆ ಒಂದು ಮಾತು. ಈ ದ್ರಾವಣದ ಹತ್ತಿರ ಆಸಿಡ್ ತರಬೇಡಿ, ವಿಷಾನಿಲ ಹುಟ್ಟಬಹುದು. ಬಳಸಿ ಮುಗಿದದ್ದನ್ನು ಮೋರಿಗೆ ಸುರಿಯದೆ ಕಾಲೇಜು ಲ್ಯಾಬಿನ ರಾಸಾಯನಿಕ ತ್ಯಾಜ್ಯಕ್ಕೇ ಕೊಡಿ.

ಈಗ ಇದೇ ದ್ರಾವಣಕ್ಕೆ ಗ್ವಾನಿಡೀನ್ ಉಪ್ಪು ಸೇರಿಸಿ ನೋಡುತ್ತಿದ್ದೇನೆ. 2020ರಲ್ಲಿ ಚೀನಾದ ವುಹಾನ್ ಸಂಶೋಧಕರು ಹೀಗೆಯೇ ಡಿಗ್ರಿಗೆ 3.73 ಮಿಲಿವೋಲ್ಟ್ ಪಡೆದಿದ್ದರು. ಗ್ವಾನಿಡೀನ್ ಫೆರೋಸಯನೈಡನ್ನು ತಣ್ಣನೆ ಕಡೆ ಹರಳು ಕಟ್ಟಿಸುತ್ತದೆ. ಹರಳು ಬಿಸಿ ಕಡೆ ಮತ್ತೆ ಕರಗುತ್ತದೆ. ಹೀಗೆ ಎರಡು ತುದಿಗಳ ಸಾಂದ್ರತೆಯಲ್ಲೂ ವ್ಯತ್ಯಾಸ ಉಳಿದು ವೋಲ್ಟೇಜ್ ಏರುತ್ತದೆ.