ಎಚ್‌ಐವಿ ಇರುವವರ ಮೂಳೆ ಶಸ್ತ್ರಚಿಕಿತ್ಸೆ: ಗಾಯ ಕೀವಾಗದಂತೆ ನೋಡಿಕೊಳ್ಳುವುದು ಹೇಗೆ?

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಪಾಚಿಗಟ್ಟಿದ ಅಂಗಳದಲ್ಲಿ ಜಾರಿಯೋ ಅಡಿಕೆ ಮರದಿಂದ ಬಿದ್ದೋ ಕಾಲು ಮುರಿದುಕೊಂಡು ಶಿವಮೊಗ್ಗಕ್ಕೆ ಬರುವವರು ಹೊಸಬರಲ್ಲ. ಅವರಲ್ಲಿ ಎಚ್‌ಐವಿ ಇರುವವರಿಗೆ, ಒಳಗೆ ರಾಡು ಹಾಕಿಸಿದರೆ ಗಾಯ ಮಾಯುತ್ತದೆಯೋ ಇಲ್ಲವೋ ಎಂಬ ಅಂಜಿಕೆ ಬೇರೆ. ಚರ್ಮ ಒಡೆಯದ ಮುರಿತವಾಗಿದ್ದು, ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ ಔಷಧಿ) ಮಾತ್ರೆ ತಪ್ಪದೆ ನುಂಗಿ ವೈರಸ್ಸು ಹತೋಟಿಯಲ್ಲಿದ್ದರೆ, ಸೋಂಕಿನ ಭಯ ಉಳಿದವರಿಗಿಂತ ಬಹಳ ಹೆಚ್ಚೇನಲ್ಲ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ, ರೋಗನಿರೋಧಕ ಶಕ್ತಿಯನ್ನು ತೋರಿಸುವ ರಕ್ತಕಣಗಳ ಲೆಕ್ಕವಾದ ಸಿಡಿ4 ಎಣಿಕೆ 200ಕ್ಕಿಂತ ಕೆಳಗಿದ್ದರೆ, ಸಕ್ಕರೆ ಕಾಯಿಲೆ, ಬೀಡಿ ಅಥವಾ ಅಪೌಷ್ಟಿಕತೆ ಜೊತೆಗೂಡಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ.

ತೆರೆದ ಗಾಯಕ್ಕೆ ಅರಿಶಿನ, ಕಾಫಿಪುಡಿ, ಸೊಪ್ಪಿನ ರಸ ಯಾವುದನ್ನೂ ಹಚ್ಚಬೇಡಿ. ಒಗೆದು ಒಣಗಿಸಿದ ಬಟ್ಟೆಯಿಂದ ಮುಚ್ಚಿ, ಅಲುಗಾಡದಂತೆ ಕಟ್ಟಿ ಹೊರಡಿ. ಇಂಥ ಗಾಯಕ್ಕೆ ಮೊದಲ ಆಂಟಿಬಯಾಟಿಕ್ ಚುಚ್ಚುಮದ್ದು ಸಾಧ್ಯವಾದರೆ ಒಂದು ಗಂಟೆಯೊಳಗೆ ಬೀಳಬೇಕು. ಘಟ್ಟದ ತಿರುವುಗಳಲ್ಲಿ ಆ ಗಂಟೆ ದಾರಿಯಲ್ಲೇ ಕಳೆದುಹೋಗುವುದರಿಂದ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಅದನ್ನೂ ಟೆಟನಸ್ ಚುಚ್ಚುಮದ್ದನ್ನೂ ಹಾಕಿಸಿಕೊಂಡು ಮುಂದೆ ಹೋಗುವುದೇ ಜಾಣತನ.

ಎಚ್‌ಐವಿ ಇರುವುದನ್ನು ಶಸ್ತ್ರವೈದ್ಯರಿಂದ ಮುಚ್ಚಿಡಬೇಡಿ; ಎಆರ್‌ಟಿ ಪುಸ್ತಕವನ್ನೂ ಮಾತ್ರೆ ಡಬ್ಬಿಯನ್ನೂ ಒಯ್ಯಿರಿ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಈ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ತೊಂದರೆಯಾದರೆ 1097ಕ್ಕೆ ಕರೆ ಮಾಡಿ, ಅದು ಉಚಿತ. ಶಸ್ತ್ರಚಿಕಿತ್ಸೆಯ ದಿನವೂ ಎಆರ್‌ಟಿ ಮಾತ್ರೆ ತಪ್ಪಬಾರದು. ಹೊಟ್ಟೆ ಖಾಲಿ ಇರಬೇಕಾದ ಬೆಳಿಗ್ಗೆ ಒಂದು ಗುಟುಕು ನೀರಿನೊಂದಿಗೆ ನುಂಗಬಹುದೇ ಎಂದು ಅರಿವಳಿಕೆ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಮನೆಗೆ ಬಂದ ಮೇಲಿನ ಒಂದು ತಪ್ಪನ್ನು ಬಿಡಿಸಿ ಹೇಳಬೇಕು. ಮುರಿದ ಮೂಳೆಗೆಂದು ಕ್ಯಾಲ್ಸಿಯಂ, ರಕ್ತಕ್ಕೆಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟಿರುತ್ತಾರೆ. ರೋಗಿ ಎಲ್ಲವನ್ನೂ ಒಂದೇ ಮುಷ್ಟಿಯಲ್ಲಿ ಖಾಲಿ ಹೊಟ್ಟೆಗೆ ನುಂಗಿಬಿಡುತ್ತಾನೆ. ಎಆರ್‌ಟಿ ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್ ಇವುಗಳಿಗೆ ಅಂಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಹೀಗಾಗಿ ಎಆರ್‌ಟಿ ಮಾತ್ರೆಯನ್ನು ಅವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಿ. ಒಟ್ಟಿಗೇ ಆಗಬೇಕೆಂದರೆ ಊಟದ ಜೊತೆಗೆ. ಹಾಗೆಯೇ ಎಆರ್‌ಟಿಯ ಇನ್ನೊಂದು ಔಷಧಿಯಾದ ಟೆನೊಫೊವಿರ್ ನುಂಗುವವರು ನೋವಿಗೆ ಡೈಕ್ಲೋಫೆನಾಕ್ ಅನ್ನು ದಿನಗಟ್ಟಲೆ ತಾವಾಗಿಯೇ ಮುಂದುವರಿಸಿದರೆ ಮೂತ್ರಪಿಂಡಕ್ಕೆ ಪೆಟ್ಟಾದೀತು.

ಮಲೆನಾಡಿನ ಮಳೆಯಲ್ಲಿ ಡ್ರೆಸ್ಸಿಂಗ್ ಒಣಗಿಸಿಟ್ಟುಕೊಳ್ಳುವುದೇ ಒಂದು ಕೆಲಸ. ಬಚ್ಚಲ ಒಲೆಯ ಮೇಲೆ ಒಣಗಿಸಿದ ಬಟ್ಟೆಗೆ ಮಸಿ, ಹೊಗೆ ಅಂಟಿರುತ್ತದೆ. ಅದನ್ನು ಗಾಯಕ್ಕೆ ಸುತ್ತಬೇಡಿ, ಪೊಟ್ಟಣದಲ್ಲಿ ಬರುವ ಗಾಜ್ ಬಟ್ಟೆಯನ್ನೇ (ಗಾಯಕ್ಕೆ ಸುತ್ತುವ ತೆಳು ಬಟ್ಟೆ) ಬಳಸಿ. ಮೇಲಿನ ಪದರ ಒದ್ದೆಯಾದರೆ ಮರುದಿನಕ್ಕೆ ಕಾಯದೆ, ಕೈಯನ್ನು ಸೋಪಿನಿಂದ ತೊಳೆದು ಬದಲಿಸಿ. ಹೊರಗಿನಿಂದ ಸರಳು ಚುಚ್ಚಿ ಚೌಕಟ್ಟು ಕಟ್ಟಿದ್ದರೆ ಸರಳಿನ ಬುಡಗಳು ಬೇಗ ಸೋಂಕು ಹಿಡಿಯುತ್ತವೆ. ಅವನ್ನು ಶುಚಿ ಮಾಡುವ ಬಗೆಯನ್ನು ನರ್ಸ್ ಎದುರಿಗೇ ಒಮ್ಮೆ ಮಾಡಿ ಕಲಿತು ಬನ್ನಿ.

ಹೊಲಿಗೆಯ ಸುತ್ತ ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ಕಡಿಮೆಯಾಗಿದ್ದ ನೋವು ಮತ್ತೆ ಏರಿದರೆ, ಜ್ವರ ಬಂದರೆ, ಕೀವು ಒಸರಿದರೆ ಅದೇ ದಿನ ಹೊರಡಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಆಂಟಿಬಯಾಟಿಕ್ ನುಂಗಿದರೆ, ಕೀವನ್ನು ಪರೀಕ್ಷೆಗೆ ಕಳಿಸಿದಾಗ ರೋಗಾಣು ಸಿಗದೆ ಹೋಗಬಹುದು. ಗಾಯ ಮಾಯ್ದು ತಿಂಗಳುಗಳಾದ ಮೇಲೂ ಒಳಗೆ ಹಾಕಿದ ರಾಡು, ಪ್ಲೇಟಿನ ಸುತ್ತ ಸೋಂಕು ಏಳುವುದುಂಟು. ಹಳೆಯ ಗಾಯದ ಕಲೆಯಲ್ಲಿ ಸಣ್ಣ ಗುಳ್ಳೆ ಎದ್ದು ಒಡೆದರೂ ಎಕ್ಸ್‌ರೇ ಸಮೇತ ಶಸ್ತ್ರವೈದ್ಯರಿಗೆ ತೋರಿಸಿ.