ಚಿಪ್ಪಿಲ್ಲದ ಮೊಟ್ಟೆಯಲ್ಲಿ ನೀರಿನ ಓಡಾಟ ನೋಡುವುದು ಹೇಗೆ?

ಜೀವಕೋಶದ ಪೊರೆ ಬರಿಗಣ್ಣಿಗೆ ಕಾಣುವುದಿಲ್ಲ. ಅದರ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಆದರೆ ಪೊರೆ ದಾಟಿ ನೀರು ಹೇಗೆ ಹೋಗಿ ಬರುತ್ತದೆ ಎಂದು ನೋಡಲು ಒಂದು ಹಸಿ ಕೋಳಿಮೊಟ್ಟೆ ಸಾಕು. ನಾಲ್ಕು ದಿನದ ತಾಳ್ಮೆ ಬೇಕು, ಅಷ್ಟೆ.

ಮೊಟ್ಟೆಯನ್ನು ಗಾಜಿನ ಲೋಟದಲ್ಲಿಟ್ಟು, ಮುಳುಗುವಷ್ಟು ವಿನೆಗರ್ ಸುರಿಯಿರಿ. ಕೂಡಲೇ ಗುಳ್ಳೆ ಏಳುತ್ತವೆ. ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುವಾಗ ಬರುವ ಕಾರ್ಬನ್ ಡೈಆಕ್ಸೈಡ್ ಅದು. ಮಾರನೇ ದಿನ ವಿನೆಗರ್ ಬದಲಿಸಿ. ಎರಡು ದಿನದಲ್ಲಿ ಚಿಪ್ಪು ಹೋಗಿ ಮೊಟ್ಟೆ ಮೆತ್ತಗಾಗುತ್ತದೆ. ನೀರಿನಡಿ ಹಿಡಿದು ಬಿಳಿ ಪುಡಿಯನ್ನು ಬೆರಳಿಂದ ಮೆಲ್ಲಗೆ ಸವರಿ ತೆಗೆಯಿರಿ. ಆತುರಪಟ್ಟರೆ ಒಡೆಯುತ್ತದೆ. ಎರಡು ಮೊಟ್ಟೆ ಇಟ್ಟುಕೊಳ್ಳುವುದೇ ಜಾಣತನ.

ಇಷ್ಟರಲ್ಲೇ ಅದು ಮೊದಲಿಗಿಂತ ಉಬ್ಬಿರುತ್ತದೆ. ವಿನೆಗರಿನಲ್ಲಿ ಬಹುಪಾಲು ನೀರೇ ಅಲ್ವಾ? ಅದು ಒಳಗೆ ಸೇರಿದೆ. ತೂಕ ಬರೆದಿಟ್ಟುಕೊಳ್ಳಿ.

ಈಗ ಮೊಟ್ಟೆಯನ್ನು ಆರಿದ, ಗಟ್ಟಿಯಾದ ಸಕ್ಕರೆ ಪಾಕದಲ್ಲಿ ಒಂದು ದಿನ ಬಿಡಿ. ತೇಲಿದರೆ ಆಗಾಗ ಹೊರಳಿಸಿ. ಮರುದಿನ ನೋಡಿದರೆ ಗಾಳಿ ಹೋದ ಬಲೂನಿನ ಹಾಗೆ ಜೋತಿರುತ್ತದೆ! ಪಾಕ ನೀರನ್ನು ಹೀರಿತು ಅನ್ನುತ್ತೇವೆ. ಅಸಲಿಗೆ ಯಾರೂ ಎಳೆದಿಲ್ಲ. ನೀರಿನ ಕಣಗಳು ಎರಡೂ ದಿಕ್ಕಿಗೆ ಸುಮ್ನೆ ಅಲೆಯುತ್ತಲೇ ಇರುತ್ತವೆ. ಮೊಟ್ಟೆಯೊಳಗೆ ನೀರು ಜಾಸ್ತಿ, ಪಾಕದಲ್ಲಿ ಕಡಿಮೆ. ಹಾಗಾಗಿ ಒಳಬರುವ ಕಣಗಳಿಗಿಂತ ಹೊರಹೋಗುವವೇ ಹೆಚ್ಚು. ಸಕ್ಕರೆಯ ಕಣ ದೊಡ್ಡದು, ನೀರಿನಷ್ಟು ಸಲೀಸಾಗಿ ದಾಟಲಾರದು. ಇದೇ ಆಸ್ಮೋಸಿಸ್. ಪಠ್ಯಪುಸ್ತಕದಲ್ಲಿ ಅಭಿಸರಣೆ.

ಕೊನೆಗೆ ಬರೀ ನೀರಿಗೆ ಹಾಕಿ. ಮತ್ತೆ ಉಬ್ಬುತ್ತದೆ. ಪ್ರತಿ ಸಲವೂ ತೂಗಿ ನೋಡಿ.

ಒಂದು ಮಾತು ಹೇಳಲೇಬೇಕು. ನೀವು ಮುಟ್ಟಿದ್ದು ಕೋಶದ ಪೊರೆಯಲ್ಲ, ಚಿಪ್ಪಿನಡಿ ಇರುವ ಪ್ರೋಟೀನ್ ಎಳೆಗಳ ಜಾಲರಿ. ಕೋಶದ ಪೊರೆಯಲ್ಲಿ ಕೊಬ್ಬಿನಂಥ ಕಣಗಳ ಎರಡು ಪದರ ಇರುತ್ತವೆ. ಆಮ್ಲಜನಕ ಅದರಲ್ಲಿ ಸುಲಭವಾಗಿ ನುಸುಳುತ್ತದೆ. ನೀರು ಬೇಗ ದಾಟಲು ಅಕ್ವಾಪೋರಿನ್ ಎಂಬ ಪ್ರೋಟೀನ್ ದಾರಿಗಳಿವೆ. ಅವನ್ನು ಗುರುತಿಸಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ಈ ಪ್ರಯೋಗದಲ್ಲಿ ಕಾಣದ ಕೆಲಸ ಇನ್ನೊಂದಿದೆ. ಕಣಗಳನ್ನು ಅವು ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಸಾಗಿಸುವುದು. ಇದು ತಾನಾಗಿ ಆಗುವುದಿಲ್ಲ, ಕೋಶ ಶಕ್ತಿ ಖರ್ಚು ಮಾಡಬೇಕು. ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪ್ ಎಂಬ ಪ್ರೋಟೀನ್, ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಕಣ ಒಂದನ್ನು ಖರ್ಚು ಮಾಡಿ 3 ಸೋಡಿಯಂ ಅಯಾನುಗಳನ್ನು (ವಿದ್ಯುದಾವೇಶವುಳ್ಳ ಕಣಗಳನ್ನು) ಹೊರಗೆ ಹಾಕಿ, 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ವಿನೆಗರಿನಲ್ಲಿ ಸತ್ತ ಮೊಟ್ಟೆಗೆ ಅದು ಸಾಧ್ಯವಿಲ್ಲ.

ಆ ಮೊಟ್ಟೆಯನ್ನು ತಿನ್ನಬೇಡಿ. ಹಸಿ ಮೊಟ್ಟೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ.